ಏರಿಯಿಂದ ಏರಿಗೆ

ಕುಕ್ಕರಹಳ್ಳಿ ಕೆರೆಯನ್ನು ಸುತ್ತುವವರಲ್ಲಿ ಎರಡು ಪಂಗಡಗಳಿವೆ. ನೀರನ್ನು ಬಲಗೈಗೆ ಇಟ್ಟುಕೊಂಡು ನಡೆಯುವವರದು ಒಂದು, ಎಡಗೈಗೆ ಇಟ್ಟುಕೊಂಡು ನಡೆಯುವವರದು ಇನ್ನೊಂದು. ದಿನಾ ಬರುವವರು ಸಾಮಾನ್ಯವಾಗಿ ಪಕ್ಷಾಂತರ ಮಾಡುವುದಿಲ್ಲ. ಎದುರು ಪಂಗಡದವರು ಒಂದು ಸುತ್ತಿಗೆ ಎರಡು ಸಲ ಸಿಗುತ್ತಾರೆ. ಮೊದಲನೆಯ ಸಲ ನಮಸ್ಕಾರ, ಎರಡನೆಯ ಸಲ ಬರಿಯ ನಗೆ. ತಮ್ಮದೇ ಪಂಗಡದವರ ಮುಖ ಮಾತ್ರ ಯಾರಿಗೂ ಕಾಣುವುದಿಲ್ಲ. ಬೆನ್ನು, ಶಾಲು, ಮಂಕಿ ಟೋಪಿ ಇಷ್ಟರದೇ ಪರಿಚಯ. ನಾನು ಬೆಳಿಗ್ಗೆ ಒಂದು ಪಂಗಡ, ಸಂಜೆ ಇನ್ನೊಂದು. ಇದನ್ನು ಗಮನಿಸಿದ ಹಿರಿಯರೊಬ್ಬರು, "ಏನ್ ಸಾರ್, ಸಂಜೆಯಾದ್ರೆ ಉಲ್ಟಾ ಹೊಡೀತೀರಲ್ಲ?" ಎಂದು ಕೇಳಿದ್ದರು. ಉಲ್ಟಾ ಹೊಡೆಯಲು ಕಾರಣವಿದೆ. ಆದರೆ ಅದು ನಿಂತಲ್ಲೇ ಒಂದು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಕೆರೆಗೆ ನಾಲ್ಕು ದಿಕ್ಕೂ ಒಂದೇ ಅಲ್ಲ ಎನ್ನುವುದು ಮೊದಲ ಕಾರಣ. ತಾನಾಗಿ ಆದ ಸರೋವರಕ್ಕೆ ಸುತ್ತಲೂ ದಡವಿರುತ್ತದೆ, ಕೆರೆಗೆ ಒಂದು ಕಡೆ ಏರಿ ಇರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಮಣ್ಣು ಪೇರಿಸಿ, ನೀರಿನ ಕಡೆಯ ಮೈಗೆ ಕಲ್ಲು ಹೊದಿಸಿ, ಹರಿದುಹೋಗುವ ಮಳೆನೀರನ್ನು ತಡೆದು ನಿಲ್ಲಿಸಿದರೆ ಕೆರೆ. ಹಾಗಾಗಿ ಏರಿಯ ಬುಡದಲ್ಲಿ ನೀರು ಆಳ. ಅಲ್ಲಿಂದ ಹಿಂದಕ್ಕೆ ಹೋದಷ್ಟೂ ನೀರು ತೆಳುವಾಗುತ್ತಾ, ಹಿನ್ನೀರಿನ ಕಡೆ ಕೆಸರಾಗಿ, ಕೆಸರಿನ ಆಚೆ ಜೊಂಡಾಗಿ, ಜೊಂಡಿನ ಆಚೆ ಮರಗಳ ನೆಳಲಾಗಿ ಮುಗಿಯುತ್ತದೆ. ಕುಕ್ಕರಹಳ್ಳಿಯಲ್ಲಿ ಏರಿ ಇರುವುದು ಪೂರ್ವಕ್ಕೆ, ಊರಿನ ಕಡೆಗೆ. ಹಿನ್ನೀರು ಪಶ್ಚಿಮಕ್ಕೆ, ಮಾನಸಗಂಗೋತ್ರಿಯ ಕಡೆಗೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ಆಗ ಕಟ್ಟಿದ್ದು ಹೊಲಗದ್ದೆಗಳಿಗೆ ನೀರುಣಿಸಲು. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಮಳೆನೀರನ್ನು ತಂದು ಇಲ್ಲಿ ಸುರಿಯುತ್ತಿತ್ತು, ಊರಿಗೂ ಇದರ ನೀರು ಹೋಗುತ್ತಿತ್ತು. ಈಗ ಅಚ್ಚುಕಟ್ಟು ಇದ್ದ ಜಾಗದಲ್ಲಿ ಬಡಾವಣೆಗಳಿವೆ. ಕೆರೆಗೆ ಉಳಿದಿರುವ ಕೆಲಸವೆಂದರೆ ಹಕ್ಕಿಗಳಿಗೆ ಮೀನು ಕೊಡುವುದು, ಮೈಸೂರಿಗರಿಗೆ ಸುತ್ತಲು ಜಾಗ ಕೊಡುವುದು. ನೀರಿನ ಹರವು ತುಂಬಿದಾಗ ಸುಮಾರು 150 ಎಕರೆ, ಹೆಚ್ಚೆಂದರೆ 5 ಮೀಟರ್ ಆಳ, ಸುತ್ತಲಿನ ನಡೆದಾರಿ ನಾಲ್ಕೂವರೆ ಕಿಲೋಮೀಟರಿನ ಆಸುಪಾಸು. ಹತ್ತುವುದಿಲ್ಲ, ಇಳಿಯುವುದಿಲ್ಲ, ಹಳ್ಳ ದಾಟುವುದಿಲ್ಲ. ಸೊಂಟನೋವಿನವರೂ ಸುತ್ತುತ್ತಾರೆ.

ಎರಡನೆಯ ಕಾರಣ ಸೂರ್ಯ. ಬೆಳಿಗ್ಗೆ ಏರಿಯ ಮೇಲೆ ನಿಂತರೆ ಅವನು ನಮ್ಮ ಬೆನ್ನಿಗಿರುತ್ತಾನೆ. ನೀರಿನ ಮೇಲಿರುವುದೆಲ್ಲ ಬಣ್ಣದಲ್ಲಿ ಕಾಣುತ್ತದೆ. ಅದೇ ಹೊತ್ತಿಗೆ ಪಶ್ಚಿಮದ ದಂಡೆಯಲ್ಲಿ ನಿಂತರೆ ಅವನು ಕಣ್ಣಿಗೆ ಹೊಡೆಯುತ್ತಾನೆ. ಬಣ್ಣ ಹೋಗಿ ಆಕಾರ ಮಾತ್ರ ಉಳಿಯುತ್ತದೆ. ಸಂಜೆಗೆ ಇದು ತಿರುವುಮುರುವು. ಅಂದರೆ ಒಂದೇ ಹೆಜ್ಜಾರ್ಲೆ ಹಕ್ಕಿ ಏರಿಯಿಂದ ಬೂದು-ಬಿಳಿ-ನಸುಗೆಂಪು, ಗಂಗೋತ್ರಿಯ ಕಡೆಯಿಂದ ಮಸಿಯ ಒಂದು ಗೆರೆ. ಎರಡನ್ನೂ ನೋಡಬೇಕಾದರೆ ಸುತ್ತಲೇಬೇಕು. ಒಂದು ಕಡೆ ಬೆಂಚಿನ ಮೇಲೆ ಕೂತು ನೋಡಿದವನು ಕೆರೆಯ ಅರ್ಧ ನೋಡಿದ ಹಾಗೆ. ಬೆಳಗಿನಲ್ಲಿ ನನ್ನ ಹಾದಿ ಹುಣಸೂರು ರಸ್ತೆಯ ಕಡೆಯಿಂದ ಒಳಬಂದು ಮೊದಲು ಏರಿ, ಆಮೇಲೆ ಬೋಗಾದಿ ರಸ್ತೆಯ ಕಡೆಯ ದಂಡೆ, ಆಮೇಲೆ ಹಿನ್ನೀರು, ಕೊನೆಗೆ ಕಾಡು. ನೀರು ಬಲಗೈಗೆ. ಅದು ಪ್ರದಕ್ಷಿಣೆಯ ದಿಕ್ಕು ಎಂದು ಖುಷಿಪಡುವವರಿದ್ದಾರೆ, ಪಡಲಿ. ನನ್ನ ಲೆಕ್ಕದಲ್ಲಿ ಇದು ಪೂರ್ತಿ ಬೆಳಕಿನ ವ್ಯವಹಾರ.

ಏರಿಯ ಮೇಲೆ ಅವಸರ ಮಾಡಬಾರದು. ಚಳಿಗಾಲದ ಬೆಳಗಿನಲ್ಲಿ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ಅದರ ಮೈಮೇಲೆ ತೆಳ್ಳಗೆ ಆವಿ ಆಡುತ್ತಿರುತ್ತದೆ. ಸೂರ್ಯ ಮೇಲೆ ಬಂದ ಹತ್ತು ನಿಮಿಷಕ್ಕೆ ಅದು ಇದ್ದಲ್ಲೇ ಕರಗುತ್ತದೆ. ಆ ಹತ್ತು ನಿಮಿಷದಲ್ಲಿ ದೂರದ ಹಕ್ಕಿಗಳಿಗೆ ಕಾಲಿರುವುದಿಲ್ಲ, ತೇಲುವ ಹಕ್ಕಿಗಳಿಗೆ ನೀರಿರುವುದಿಲ್ಲ. ಮಾತಿನ ವಿಷಯವೂ ವಿಚಿತ್ರ. ನೀರಿನ ಮೇಲೆ ತಂಗಿದ ತಂಪು ಗಾಳಿಯ ಪದರ ದನಿಯನ್ನು ಮೇಲಕ್ಕೆ ಹೋಗಲು ಬಿಡದೆ ಕೆಳಕ್ಕೆ ಬಾಗಿಸುತ್ತದೆಯಾದ್ದರಿಂದ ಎದುರು ದಂಡೆಯಲ್ಲಿ ನಡೆಯುತ್ತಿರುವವರ ಸಂಸಾರದ ಗುಟ್ಟು ಇಲ್ಲಿಗೆ ಸ್ಪಷ್ಟವಾಗಿ ಕೇಳುತ್ತದೆ. ಸೊಸೆಯ ಬಗ್ಗೆ ಮಾತಾಡುವವರು ಬಿಸಿಲೇರಿದ ಮೇಲೆ ಬಂದರೆ ಒಳ್ಳೆಯದು.

ಆಳ ಇರುವ ಕಡೆ ಮುಳುಗುವ ಹಕ್ಕಿಗಳು. ಗುಳುಮುಳುಕನಿಂದ ಶುರುಮಾಡಬೇಕು, ಏಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಷ್ಟಿಗಾತ್ರದ ಕಂದು ಹಕ್ಕಿ, ಬಾಲವೇ ಇಲ್ಲವೇನೋ ಎನ್ನುವ ಮೈ. ನೋಡುತ್ತಿದ್ದಂತೆ ಇರುವುದಿಲ್ಲ, ಅದು ಇದ್ದ ಕಡೆ ಒಂದು ಉಂಗುರ ಅಗಲವಾಗುತ್ತಾ ಹೋಗುತ್ತದೆ. ಎಲ್ಲಿ ಏಳುತ್ತದೆ ಎಂದು ಊಹಿಸುವುದು ಏರಿಯ ಮೇಲಿನ ಅತ್ಯುತ್ತಮ ಜೂಜು. ನಾನು ಯಾವಾಗಲೂ ಸೋಲುವುದು. ಗೂಡು ತೇಲುವ ಕಸದ ರಾಶಿ. ಮೊಟ್ಟೆ ಬಿಟ್ಟು ಏಳುವಾಗ ನೀರಕಳೆಯನ್ನು ಎಳೆದು ಮುಚ್ಚಿ ಹೋಗುತ್ತದೆ. ಮರಿಗಳಾದ ಮೇಲೆ ಬೆನ್ನಿನ ಗರಿಗಳೊಳಗೆ ಕೂರಿಸಿಕೊಂಡು ಈಜುತ್ತದೆ, ಪುಟ್ಟ ಪಟ್ಟೆತಲೆಯೊಂದು ರೆಕ್ಕೆಯ ಸಂದಿಯಿಂದ ಇಣುಕಿದರೆ ಆ ಬೆಳಗು ದಕ್ಕಿದ ಹಾಗೆ.

ಹಾವಕ್ಕಿಯದು ಬೇರೆಯೇ ಘನತೆ. ಇದರ ಗರಿ ನೀರನ್ನು ತಡೆಯುವುದಿಲ್ಲ, ಹೀರುತ್ತದೆ. ಆದ್ದರಿಂದ ಮೈ ಪೂರ್ತಿ ಮುಳುಗಿ, ಕತ್ತು ಮಾತ್ರ ನೀರಿನ ಮೇಲೆ ಅಂಕುಡೊಂಕಾಗಿ ಸಾಗುತ್ತದೆ. ಮೊದಲ ಸಲ ನೋಡಿದವರು ಹಾವೆಂದು ಒಂದು ಹೆಜ್ಜೆ ಹಿಂದಕ್ಕಿಡುತ್ತಾರೆ. ನೀರೊಳಗೆ ಅದು ಮೀನನ್ನು ಕಚ್ಚುವುದಿಲ್ಲ, ಚುಚ್ಚುತ್ತದೆ. ಕತ್ತಿನ ಮೂಳೆಗಳಲ್ಲಿ ಒಂದು ಕಡೆ ಮಡಿಕೆ ಇದೆ, ಅದು ಥಟ್ಟನೆ ಬಿಚ್ಚಿಕೊಂಡಾಗ ಕೊಕ್ಕು ಈಟಿಯಾಗುತ್ತದೆ. ಮೇಲೆ ಬಂದ ಮೇಲೆ ಇರುವುದು ನಿಜವಾದ ಚಮತ್ಕಾರ: ಕೊಕ್ಕಿಗೆ ಸಿಕ್ಕಿದ ಮೀನನ್ನು ಕೊಡವಿ ಬಿಡಿಸಿ, ಗಾಳಿಗೆ ಎಸೆದು, ತಲೆ ಕೆಳಗಾಗಿ ಬೀಳುವಾಗ ಹಿಡಿದು ನುಂಗುತ್ತದೆ. ಬಾಲದಿಂದ ನುಂಗಿದರೆ ಮುಳ್ಳು ಗಂಟಲಿಗೆ ಅಡ್ಡ. ಆಮೇಲೆ ಒಣಗಿದ ಕೊಂಬೆ ಹತ್ತಿ, ಎರಡೂ ರೆಕ್ಕೆ ಹರಡಿ, ಬಿಸಿಲಿಗೆ ಬೆನ್ನು ಕೊಟ್ಟು ಒಣಗಿಸಿಕೊಳ್ಳುತ್ತಾ ನಿಲ್ಲುತ್ತದೆ. ಬೆನ್ನಿನ ಮೇಲಿನ ಕಪ್ಪು ಗರಿಗಳ ನಡುವೆ ಬೆಳ್ಳಿಯ ಗೆರೆಗಳು ಎದ್ದು ಕಾಣುವುದು ಆಗ. ಏರಿಯಿಂದ, ಬೆಳಿಗ್ಗೆ ಮಾತ್ರ. ಪಕ್ಕದ ಕೊಂಬೆಯಲ್ಲಿ ನೀರುಕಾಗೆಯೂ ಅದೇ ಭಂಗಿಯಲ್ಲಿರುತ್ತದೆ, ಆದರೆ ಅದರ ಮೋಟು ಕತ್ತಿಗೆ ಆ ಠೀವಿ ಬರುವುದಿಲ್ಲ. ಹಾವಕ್ಕಿ ಇರುವ ಕಡೆ ನೀರುಕಾಗೆಗೆ ಕೂರಲು ಬಿಡಬಾರದಿತ್ತು.

ಹೆಜ್ಜಾರ್ಲೆಗೆ ಸೊಗಸು ಎಂಬ ಮಾತು ಹೊಂದುವುದಿಲ್ಲ. ನಾಲ್ಕೈದು ಕಿಲೋ ತೂಗುವ ಮೈ, ಮೊಳದಷ್ಟು ಕೊಕ್ಕು, ಅದರ ಕೆಳಗೆ ಜೋಲುವ ಚೀಲ. ಕೊಕ್ಕಿನ ಮೇಲ್ದವಡೆಯ ಅಂಚಿಗೆ ಸಾಲಾಗಿ ಕಪ್ಪುನೀಲಿ ಚುಕ್ಕೆ. ಮದುವೆಯ ಊಟಕ್ಕೆ ಪಂಕ್ತಿಯ ಮೊದಲಲ್ಲೇ ಕೂತ ಹಿರಿಯರ ಗತ್ತು ಅದಕ್ಕಿದೆ: ಯಾರಿಗೂ ತೊಂದರೆ ಕೊಡುವುದಿಲ್ಲ, ಯಾರಿಗೂ ಜಾಗವನ್ನೂ ಬಿಡುವುದಿಲ್ಲ. ನೀರಿನಲ್ಲಿ ತೇಲುತ್ತಾ ತೇಲುತ್ತಾ ಕೊಕ್ಕನ್ನು ಅದ್ದಿ, ಚೀಲ ತುಂಬಾ ನೀರು ಮೊಗೆದು, ಗದ್ದವನ್ನು ಎದೆಗೆ ಒತ್ತಿ ನೀರನ್ನೆಲ್ಲ ಸೋರಲು ಬಿಟ್ಟು, ಉಳಿದದ್ದನ್ನು ಕತ್ತೆತ್ತಿ ಗುಳುಂ ಎನಿಸುತ್ತದೆ. ಇಷ್ಟು ದೊಡ್ಡ ಮೈಯನ್ನು ಹೊತ್ತು ಏಳುವಾಗ ನೀರಿಗೆ ಕಾಲಿನಿಂದ ಒದೆಯುತ್ತಾ ಪಡುವ ಪಾಡು ನೋಡಿದರೆ ಅಯ್ಯೋ ಎನಿಸಬೇಕು. ಆದರೆ ಎಂಟೂವರೆ, ಒಂಬತ್ತಕ್ಕೆ ನೆಲ ಕಾದು ಬಿಸಿಗಾಳಿಯ ಕಂಬಗಳು ಏಳತೊಡಗಿದಾಗ ಅದೇ ಹಕ್ಕಿ ಒಂದನ್ನು ಹುಡುಕಿಕೊಂಡು, ರೆಕ್ಕೆ ಬಡಿಯದೆ, ಸುತ್ತು ಹಾಕುತ್ತಾ ಹಾಕುತ್ತಾ ಮೇಲೆ ಹೋಗುತ್ತದೆ. ಎರಡೂವರೆ ಮೀಟರಿನ ರೆಕ್ಕೆಯ ಹರವು ಆಗ ಅರ್ಥವಾಗುತ್ತದೆ. ಕೆಳಗೆ ನಾವು ಸುತ್ತುವುದು, ಮೇಲೆ ಅವು ಸುತ್ತುವುದು. ನಮಗೆ ಬೆವರು, ಅವಕ್ಕೆ ಇಲ್ಲ. ಮದ್ದೂರಿನ ಹತ್ತಿರದ ಕೊಕ್ಕರೆಬೆಳ್ಳೂರಿನಲ್ಲಿ ಈ ಹಕ್ಕಿಗಳು ಊರೊಳಗಿನ ಹುಣಸೆ, ಆಲದ ಮರಗಳ ಮೇಲೆ ಗೂಡು ಕಟ್ಟುತ್ತವೆ, ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ನೋಡಿಕೊಳ್ಳುತ್ತಾರೆ. ಅಷ್ಟು ದೂರ ಅವಕ್ಕೆ ದೂರವೇ ಅಲ್ಲ.

ಬೋಗಾದಿ ರಸ್ತೆಯ ಕಡೆಯ ದಂಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸ್ಸಿನ ಹಾರನ್ನು ಕೇಳುತ್ತದೆ, ವ್ಯಾಯಾಮದವರು ಚಪ್ಪಾಳೆ ತಟ್ಟುತ್ತಿರುತ್ತಾರೆ, ನಗೆಕೂಟದವರು ನಗುತ್ತಿರುತ್ತಾರೆ. ಬಿರುಸಾಗಿ ನಡೆಯಬೇಕೆಂದು ವೈದ್ಯರು ಹೇಳಿದ್ದರೆ ಆ ಕರ್ತವ್ಯವನ್ನು ಇಲ್ಲಿ ಮುಗಿಸಿಬಿಡುವುದು ಜಾಣತನ.

ಹಿನ್ನೀರಿಗೆ ಬಂದಾಗ ಮೊದಲು ತಿಳಿಯುವುದು ಮೂಗಿಗೆ. ಬೇಸಿಗೆಯಲ್ಲಂತೂ ಖಂಡಿತ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಳೆನೀರು ತರುತ್ತಿದ್ದ ಕಾಲುವೆಗಳ ದಾರಿಯಲ್ಲಿ ಊರು ಬೆಳೆದ ಮೇಲೆ ಅವು ಚರಂಡಿನೀರನ್ನೂ ತಂದವು. ಕೊಳಚೆಯಲ್ಲಿನ ಸಾರ ಪಾಚಿಗೆ ಗೊಬ್ಬರ. ಪಾಚಿ ಹೆಚ್ಚಿ ನೀರು ಹಸಿರು ಬಣ್ಣಕ್ಕೆ ತಿರುಗಿ, ರಾತ್ರಿಯೆಲ್ಲ ಅದೇ ಪಾಚಿ ಪ್ರಾಣವಾಯುವನ್ನು ಎಳೆದುಕೊಂಡು, ಮುಂಜಾನೆಗೆ ಮೀನುಗಳು ಬಾಯಿ ಮೇಲೆತ್ತಿ ಉಸಿರಿಗಾಗಿ ಒದ್ದಾಡುವಂತಾಗುತ್ತದೆ. ಕೆರೆಯನ್ನು ಉಳಿಸಲು ಪಟ್ಟ ಪಾಡು, ನಡೆದ ಜಗಳ, ಮೈಸೂರಿನವರಿಗೆ ಹೊಸದಲ್ಲ. ರಸಿಕನಾದವನು ಇದಕ್ಕೆ ಮೂಗು ಮುಚ್ಚಿಕೊಂಡರೆ ಅರ್ಧ ರಸಿಕತೆ. ಏಕೆಂದರೆ ಜೌಗು ಎಂಬುದೇ ಕೊಳೆಯುವುದರ ಮೇಲೆ ನಿಂತ ಲೋಕ: ಎಲೆ ಕೊಳೆತು ಕೆಸರು, ಕೆಸರಿನಲ್ಲಿ ಹುಳು, ಹುಳುವಿಗೆ ಮೀನು, ಮೀನಿಗೆ ಕೊಕ್ಕು. ಎಷ್ಟು ಕೊಳೆತರೆ ಸೊಗಸು, ಎಷ್ಟಾದ ಮೇಲೆ ರೋಗ ಎಂಬ ಗೆರೆ ತೆಳುವಾಗಿದೆ, ಅಷ್ಟೇ. ಗೆರೆ ದಾಟಿದ ದಿನ ಮೂಗು ಸುಳ್ಳು ಹೇಳುವುದಿಲ್ಲ.

ಆದರೆ ಹದವಾದ ದಿನಗಳಲ್ಲಿ, ಅಂದರೆ ಮಳೆ ಬಂದು ನೀರು ತಿಳಿಯಾಗಿ ಅಕ್ಟೋಬರಿನ ಬಿಸಿಲು ಬಿದ್ದಾಗ, ಈ ಕೆಸರಿನ ಅಂಚಿನಷ್ಟು ನೋಟ ಏರಿಯಲ್ಲೂ ಇಲ್ಲ. ಇಲ್ಲಿ ಈಜುವವರಿಲ್ಲ, ನಡೆಯುವವರು. ಒಬ್ಬೊಬ್ಬರಿಗೂ ತಮ್ಮ ಕಾಲಿನ ಉದ್ದಕ್ಕೆ ತಕ್ಕ ಆಳ. ತೆಳುನೀರಿನಲ್ಲಿ ಬೆಳ್ಳಕ್ಕಿ, ಅದಕ್ಕಿಂತ ಒಂದು ಗೇಣು ಮುಂದೆ ಬಣ್ಣದ ಕೊಕ್ಕರೆ, ಜೊಂಡಿನ ಬುಡದಲ್ಲಿ ಅಲುಗಾಡದ ಕೊಳದ ಬಕ. ಬಕ ಕಣ್ಣಿನಿಂದ ಬೇಟೆಯಾಡುತ್ತದೆ, ಅದಕ್ಕೆ ನೀರು ತಿಳಿಯಾಗಿರಬೇಕು, ತಾನು ಅಲುಗಬಾರದು. ಬಣ್ಣದ ಕೊಕ್ಕರೆಗೆ ಕಣ್ಣಿನ ಹಂಗಿಲ್ಲ. ಬಾಗಿದ ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಿಗಿಟ್ಟು, ತಲೆಯನ್ನು ಅತ್ತಿಂದಿತ್ತ ತೂಗುತ್ತಾ, ಕಾಲಿನಿಂದ ಕೆಸರು ಕದಡುತ್ತಾ, ಆಗಾಗ ಒಂದು ರೆಕ್ಕೆಯನ್ನು ಥಟ್ಟನೆ ಬಿಚ್ಚಿ ಮೀನನ್ನು ಬೆದರಿಸುತ್ತಾ ನಡೆಯುತ್ತದೆ. ಬೆದರಿದ ಮೀನು ಕೊಕ್ಕಿನ ಸಂದಿಗೆ ತಗುಲಿತೋ, ಕೊಕ್ಕು ಮುಚ್ಚಿಕೊಳ್ಳುತ್ತದೆ. ಎಷ್ಟೇ ಕದಡಿದ ನೀರಾದರೂ ಅದಕ್ಕೆ ಚಿಂತೆಯಿಲ್ಲ. ರೆಕ್ಕೆ ಬಿಚ್ಚಿದ ಆ ಒಂದು ಗಳಿಗೆಯಲ್ಲಿ ಬೆನ್ನ ಹಿಂದಿನ ಗುಲಾಬಿ ಗರಿಗಳು ಕಾಣುತ್ತವೆ. ಕಪ್ಪು ಬಿಳಿ ಪಟ್ಟೆಗಳ ನಡುವೆ ಆ ಗುಲಾಬಿಯನ್ನು ಯಾಕಿಟ್ಟರೋ! ಇಡೀ ಹಕ್ಕಿಯಲ್ಲಿ ಅದೊಂದೇ ಅನಗತ್ಯ, ಅದೊಂದೇ ನೆನಪಿನಲ್ಲಿ ಉಳಿಯುವುದು.

ತೇಲುವ ಎಲೆಗಳ ಮೇಲೆ ದೇವನಕ್ಕಿ ನಡೆಯುತ್ತದೆ. ಬೆರಳುಗಳು ಅಷ್ಟುದ್ದ ಇರುವುದರಿಂದ ಭಾರ ಹಂಚಿಹೋಗಿ ಎಲೆ ಮುಳುಗುವುದಿಲ್ಲ. ಎಲೆ ಸ್ವಲ್ಪ ಜಗ್ಗುವಷ್ಟರಲ್ಲಿ ಅದು ಮುಂದಿನ ಎಲೆಯಲ್ಲಿರುತ್ತದೆ. ಮಳೆಗಾಲದಲ್ಲಿ ಉದ್ದಬಾಲದ ದೇವನಕ್ಕಿಗೆ ಕತ್ತಿನ ಹಿಂದೆ ಹೊನ್ನಿನ ಬಣ್ಣ ಬಂದು, ಕುಡುಗೋಲಿನಂತೆ ಬಾಗಿದ ಕಪ್ಪು ಬಾಲ ಬೆಳೆಯುತ್ತದೆ. ಇವುಗಳ ಸಂಸಾರ ತಲೆಕೆಳಗು. ಹೆಣ್ಣು ಒಂದು ಗಂಡಿನ ಗೂಡಿಗೆ ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಕಡೆಗೆ ಹೋಗುತ್ತದೆ; ಕಾವು ಕೊಡುವುದು, ಮರಿ ಸಾಕುವುದು, ಹಾವು ಬಂದರೆ ಎದುರಿಸುವುದು ಎಲ್ಲ ಅಪ್ಪಂದಿರ ಪಾಲು. ಈ ವಿಷಯ ಹೇಳಿದಾಗ ನನ್ನ ಜೊತೆ ನಡೆಯುತ್ತಿದ್ದ ಅತ್ತಿಗೆ, "ಅದಕ್ಕೇ ದೇವನಕ್ಕಿ ಅಂತ ಹೆಸರಿಟ್ಟಿರೋದು" ಎಂದು ತೀರ್ಪು ಕೊಟ್ಟರು. ಜಂಬುಕೋಳಿಗಳ ಕಡೆಯಿಂದ ಆ ಹೊತ್ತಿಗೆ ಜಗಳದ ಸದ್ದು. ನೇರಳೆ ಮೈ, ಕೆಂಪು ಹಣೆ, ಜೊಂಡಿನ ಎಳೆ ತಿರುಳನ್ನು ಒಂದು ಕಾಲಿನ ಬೆರಳುಗಳಲ್ಲಿ ಹಿಡಿದು ಬಾಯಿಗಿಟ್ಟುಕೊಳ್ಳುವ ರೀತಿಯಲ್ಲಿ ಬಹಳ ಶಿಷ್ಟರು. ಆದರೆ ಮೂರು ಸೇರಿದರೆ ಬೀದಿಜಗಳ.

ಜೊಂಡಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು. ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಮೈಯವು ಎಲ್ಲೂ ಕೂರದೆ ಗಾಳಿಯಲ್ಲಿ ಗುಂಪುಗುಂಪಾಗಿ ಅಲೆಯುತ್ತವೆ. ಇವೇ ಜಾತಿಯವು ಅಕ್ಟೋಬರ್-ನವೆಂಬರಿನಲ್ಲಿ ಈಶಾನ್ಯದ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಾಲ್ಡೀವ್ಸ್ ದಾಟಿ ಆಫ್ರಿಕದವರೆಗೂ ಹೋಗುತ್ತವೆ. ಬೆರಳುದ್ದದ ಹುಳು, ಹಿಂದೂ ಮಹಾಸಾಗರ. ನಾಲ್ಕೂವರೆ ಕಿಲೋಮೀಟರ್ ನಡೆದು ಹೋಟೆಲಿನಲ್ಲಿ ಎರಡು ದೋಸೆ ಹೇಳುವ ನಾವು ಈ ವಿಷಯವನ್ನು ಹೆಚ್ಚು ಯೋಚಿಸದಿರುವುದು ಲೇಸು.

ಇಲ್ಲಿಂದ ದಾರಿ ಮರಗಳೊಳಗೆ ಹೋಗುತ್ತದೆ. ಕಾಡು ಎಂದರೆ ಮಲೆನಾಡಿನವರು ನಗುತ್ತಾರೆ. ಹೊಂಗೆ, ಮಳೆಮರ, ನೇರಳೆ, ಅತ್ತಿ, ಬಿದಿರು. ನೆಟ್ಟವು ಎಷ್ಟೋ, ಹಕ್ಕಿ ಬಿತ್ತಿದವು ಎಷ್ಟೋ. ಅಡ್ಡಲಾಗಿ ನಡೆದರೆ ಹತ್ತು ನಿಮಿಷಕ್ಕೆ ಮುಗಿದೀತು. ಆದರೆ ನೆರಳಿಗೆ ಬೇಕಾದುದು ದಟ್ಟಣೆ, ವಿಸ್ತಾರವಲ್ಲ. ಬಯಲಿನ ಬೆಳಕಿಗೆ ಹೊಂದಿಕೊಂಡಿದ್ದ ಕಣ್ಣಿಗೆ ಮೊದಲ ನೂರು ಹೆಜ್ಜೆ ಏನೂ ಕಾಣುವುದಿಲ್ಲ, ಕಿವಿ ಕೆಲಸಕ್ಕೆ ಬರುತ್ತದೆ. ಕುಟುರನ ದನಿ ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ, ಎಲ್ಲೂ ಕಾಣುವುದಿಲ್ಲ. ಒಣಗಿದ ಎಲೆಗಳ ಮೇಲೆ ಹರಟೆಮಲ್ಲರ ತಂಡ. ಚಳಿಗಾಲದಲ್ಲಿ ಪೊದೆಯೊಳಗಿಂದ ಆಗಾಗ 'ಚಕ್' ಎನ್ನುವ ಕಂದು ಉಲಿಯಕ್ಕಿ. ಮಧ್ಯ ಏಷ್ಯಾದಿಂದ ಹಾರಿಬಂದು ಮೈಸೂರಿನ ಒಂದು ಲಂಟಾನಾ ಪೊದೆಯಲ್ಲಿ ಇಡೀ ಕಾಲ ಕಳೆದು, ಯಾರಿಗೂ ಮುಖ ತೋರಿಸದೆ ವಾಪಸು ಹೋಗುತ್ತದೆ.

ಈ ಭಾಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಕ್ಕಿಯೂ ಅಲ್ಲ, ಮರವೂ ಅಲ್ಲ. ನೀರಿಗೆ ಬಾಗಿದ ಕೊಂಬೆಗಳ ಅಡಿಭಾಗದಲ್ಲಿ ಆಡುವ ಬೆಳಕು. ಸೂರ್ಯ ಏರಿಯ ಕಡೆಯಿಂದ, ತಗ್ಗಾಗಿ, ನೀರಿನ ಮೇಲೆ ಬೀಳುತ್ತಾನೆ. ಕಿರುಅಲೆಗಳು ಆ ಬೆಳಕನ್ನು ಮೇಲಕ್ಕೆ ಚಿಮ್ಮುತ್ತವೆ. ಎಂದೂ ಬಿಸಿಲು ಕಾಣದ ಎಲೆಯ ಕೆಳಮೈ, ಕೊಂಬೆಯ ಕೆಳಗಿನ ತೊಗಟೆ, ಅಲ್ಲಿ ಜೋತ ಜೇಡನ ನೂಲು, ಎಲ್ಲದರ ಮೇಲೂ ಬೆಳಕಿನ ಬಲೆ ಹರಡಿ ಸರಿದು ಹೋಗುತ್ತದೆ. ಗಾಳಿ ಹೆಚ್ಚಾದರೆ ಬಲೆ ಹರಿದು ಚೂರಾಗುತ್ತದೆ, ಗಾಳಿ ನಿಂತರೆ ದೊಡ್ಡ ದೊಡ್ಡ ಕಣ್ಣುಗಳಾಗಿ ನಿಧಾನಿಸುತ್ತದೆ. ಹಾವಕ್ಕಿಯೊಂದು ಆಚೆ ಮುಳುಗಿ ಎದ್ದರೆ ಆ ಸುದ್ದಿ ಅಲೆಯಾಗಿ ಬಂದು ಕೊಂಬೆಯ ಮೇಲೆ ಬರೆಯಲ್ಪಡುತ್ತದೆ. ಬೆಳಗಿನ ಏಳೂವರೆಯ ಆಜುಬಾಜಿನಲ್ಲಿ ಇದು ಸಿಗುತ್ತದೆ. ಸೂರ್ಯ ಮೇಲೇರಿದಂತೆ ಬಲೆ ಕುಗ್ಗಿ ದಂಡೆಯ ಅಂಚಿಗೆ ಸೇರಿಬಿಡುತ್ತದೆ. ಏರಿಯಿಂದ ಶುರುಮಾಡಿದರೆ ಸರಿಯಾಗಿ ಇದೇ ಹೊತ್ತಿಗೆ ಇಲ್ಲಿಗೆ ಬರುತ್ತೇವೆ. ಬಲಗೈ ಪಂಗಡಕ್ಕೆ ಸೇರಲು ಇದಕ್ಕಿಂತ ಬೇರೆ ಕಾರಣ ನನಗೆ ಬೇಕಿಲ್ಲ.

ಮರಗಳ ಬಗ್ಗೆಯೂ ಎರಡು ಮಾತು. ಫೆಬ್ರವರಿ-ಮಾರ್ಚಿನಲ್ಲಿ ಹೊಂಗೆ ಹಳೆಯ ಎಲೆ ಕಳಚಿ ಎಣ್ಣೆ ಸವರಿದಂಥ ಹೊಸ ಹಸಿರು ತೊಟ್ಟು ನಿಲ್ಲುತ್ತದೆ. ಯುಗಾದಿಯ ಹೊತ್ತಿಗೆ ನಸುನೇರಳೆ ಹೂವು ದಾರಿ ತುಂಬಾ ಸುರಿದು, ಕಾಲಿಟ್ಟರೆ ಅಕ್ಕಿಯ ಹೊಟ್ಟಿನ ಮೇಲೆ ನಡೆದ ಸದ್ದು. ಮಳೆಮರ ಅಮೆರಿಕ ಖಂಡದಿಂದ ಬಂದದ್ದು, ಈಗ ಮೈಸೂರಿನ ಮರವೇ ಆಗಿಹೋಗಿದೆ. ಸಂಜೆಗೂ, ಮೋಡ ಕವಿದಾಗಲೂ ಎಲೆ ಮಡಚಿಕೊಳ್ಳುತ್ತದೆ. ಹೊಂಗೆಯ ಕೊಂಬೆಗಳಲ್ಲಿ ಚಿಗಳಿ ಇರುವೆಯ ಗೂಡು ಹುಡುಕಬೇಕು. ದೊಡ್ಡ ಇರುವೆಗಳು ಸಾಲಾಗಿ ನಿಂತು ಎರಡು ಎಲೆಯ ಅಂಚನ್ನು ಎಳೆದು ಹಿಡಿದಿರುತ್ತವೆ. ಬೇರೆ ಇರುವೆಗಳು ತಮ್ಮ ಮರಿಹುಳುವನ್ನು ಬಾಯಲ್ಲಿ ಕಚ್ಚಿ ತಂದು, ಅದರ ಬಾಯಿಂದ ಬರುವ ರೇಷ್ಮೆಯಿಂದ ಆ ಅಂಚುಗಳನ್ನು ಹೊಲಿಯುತ್ತವೆ. ಹತ್ತಿರ ಹೋಗಿ ನೋಡಬಹುದು, ಮುಟ್ಟಬಾರದು. ಇನ್ನು ರಾಜಹಕ್ಕಿ. ಡಿಸೆಂಬರಿನಲ್ಲಿ ಬಿದಿರಿನ ಕಡೆ ಅದೃಷ್ಟವಿದ್ದವರಿಗೆ, ಮೈಗಿಂತ ಎರಡರಷ್ಟು ಉದ್ದದ ಬಿಳಿ ಬಾಲದ ರಿಬ್ಬನ್ ಒಂದು ಕೊಂಬೆಯಿಂದ ಕೊಂಬೆಗೆ ಹಾದು ಹೋಗುತ್ತದೆ. ಹಕ್ಕಿ ಕೂತ ಮೇಲೆ ಬಾಲ ಬಂದು ಸೇರಲು ಇನ್ನೂ ಸ್ವಲ್ಪ ಹೊತ್ತು ಬೇಕೇನೋ ಎನಿಸುತ್ತದೆ.

ಗಂಗೋತ್ರಿಯ ಮಗ್ಗುಲಲ್ಲಿ ನಡೆಯುವಾಗ ಕುವೆಂಪು ಅವರನ್ನು ನೆನೆಯದಿರುವುದು ಕಷ್ಟ. ವಿದ್ಯಾರ್ಥಿಯಾಗಿದ್ದ ಕಾಲದಿಂದಲೂ ಈ ಕೆರೆಯತ್ತ ಅಡ್ಡಾಡಿದವರು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಈ ಕೆರೆಯ ಪಕ್ಕದಲ್ಲೇ ವಿಶ್ವವಿದ್ಯಾನಿಲಯದ ಹೊಸ ಆವರಣ ರೂಪುಗೊಂಡು, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಕೆರೆಯ ಉಸ್ತುವಾರಿ ಇವತ್ತಿಗೂ ವಿಶ್ವವಿದ್ಯಾನಿಲಯದ್ದೇ. ಆರ್.ಕೆ. ನಾರಾಯಣ್ ಅವರಿಗೂ ಈ ದಂಡೆಯ ಸಂಜೆಗಳ ಹುಚ್ಚಿತ್ತು, 'ಮೈ ಡೇಸ್'ನಲ್ಲಿ ಅದರ ಮಾತು ಬರುತ್ತದೆ. ಮಲೆನಾಡಿನ ಕಾಡು ನೋಡಿ ಬಂದ ಕವಿಗೂ, ಪೇಟೆಬೀದಿಯ ಕತೆಗಾರನಿಗೂ ಒಂದೇ ಕೆರೆ ಸಾಕಾಯಿತಲ್ಲ ಎನ್ನುವುದು ನನಗೆ ಸೋಜಿಗ. ಒಬ್ಬರು ಕಾಡಿನ ಕಡೆಯಿಂದ ನೋಡಿದರು, ಇನ್ನೊಬ್ಬರು ಏರಿಯ ಕಡೆಯಿಂದ ನೋಡಿದರು ಎಂದು ಹೇಳಿಬಿಡಬಹುದು. ಹೇಳಲು ಚೆನ್ನಾಗಿದೆ, ಆದರೆ ಇಬ್ಬರೂ ಪೂರ್ತಿ ಸುತ್ತಿರಲೇಬೇಕು.

ಕೊಡಗು, ಕುದುರೆಮುಖ ಎಂದು ಬೆಟ್ಟ ಹತ್ತುವ ತರುಣರು ಇಂಥ ನಡಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಷ್ಟವಿಲ್ಲದ ಮೇಲೆ ಏನು ಸಿಕ್ಕಿದರೂ ಅವರಿಗೆ ಸಿಕ್ಕಿದ ಹಾಗಲ್ಲ. ಹತ್ತುವಾಗ ನೋಡುವುದು ಮುಂದಿನ ಕಲ್ಲು, ಮುಂದಿನವನ ಹಿಮ್ಮಡಿ. ನೋಟಕ್ಕಾಗಿ ತುದಿಯವರೆಗೆ ಕಾಯಬೇಕು. ಸಮತಟ್ಟಿನ ದಾರಿಯಲ್ಲಿ ಕಾಲಿಗೆ ಕೆಲಸವಿಲ್ಲದ ಕಾರಣ ಕಣ್ಣು ಕಿವಿ ಬಿಡುವಾಗಿರುತ್ತವೆ. ತುದಿ ಎಂಬುದೇ ಇಲ್ಲವಾದ್ದರಿಂದ ಯಾವ ಜಾಗಕ್ಕೂ ಬೇಗ ತಲುಪುವ ಚಿಂತೆಯ ಭಾರವಿಲ್ಲ. ಎಲ್ಲಿ ನಿಂತರೂ ಕೆರೆಯ ನಡು ದೂರದಲ್ಲೇ. ಆ ನಡುವಿಗೆ ನಾವು ಎಂದೂ ಹೋಗುವುದಿಲ್ಲ, ನೀರ ನಡುವಿನ ಗಡ್ಡೆಯ ಮರಗಳು ಹಕ್ಕಿಗಳ ಪಾಲಿನವು. ಹಿಕ್ಕೆ ಬಿದ್ದು ಬೆಳ್ಳಗಾದ ಆ ಕೊಂಬೆಗಳನ್ನು ಎಲ್ಲ ದಿಕ್ಕಿನಿಂದ ನೋಡುತ್ತೇವೆ, ಅಷ್ಟೇ. ಅಲ್ಲಿಗೆ ಒಂದು ಸೇತುವೆಯೋ ದೋಣಿಯೋ ಇದ್ದರೆ ಎಂದು ಆಸೆಪಡುವವರು ಸಿಗುತ್ತಾರೆ. ಅಂಥದ್ದು ಬೇಕಿದ್ದವರಿಗೆ ಮೃಗಾಲಯದ ಪಕ್ಕದ ಕಾರಂಜಿ ಕೆರೆ ಇದೆ, ದೋಣಿಯೂ ಇದೆ, ಚಿಟ್ಟೆಗಳ ವನವೂ ಇದೆ. ಕುಕ್ಕರಹಳ್ಳಿಯ ನಡು ನಡುವಾಗಿಯೇ ಇರಲಿ.

ಪಶ್ಚಿಮದ ದಂಡೆಯಿಂದ ಆಚೆಗೆ ಕಾಣುವ ಚಾಮುಂಡಿಬೆಟ್ಟದ ಮಾತು ಬಿಟ್ಟುಹೋಗುತ್ತಿತ್ತು. ಏರಿಯ ಮೇಲೆ ನೀರಿನತ್ತ ಮುಖಮಾಡಿದವರಿಗೆ ಬೆಟ್ಟ ಹಿಂದೆ ಇರುವುದರಿಂದ ಅದರ ನೆನಪೇ ಇರುವುದಿಲ್ಲ. ಈ ಕಡೆಗೆ ಬಂದರೆ ನೀರು, ನೀರಿನ ಆಚೆ ಏರಿಯ ಗೆರೆ, ಗೆರೆಯ ಮೇಲೆ ಇರುವೆಯ ಸಾಲಿನಂತೆ ನಾವು ಬಿಟ್ಟುಬಂದ ಜನ, ಅವರ ತಲೆಯ ಮೇಲೆ ಮರ, ಮರದ ಮೇಲೆ ಬೆಟ್ಟ. ಸೂರ್ಯ ಮೂಡುವುದು ಬೆಟ್ಟಕ್ಕೆ ಎಡಗಡೆ. ಧನುರ್ಮಾಸದಲ್ಲಿ ಬೆಟ್ಟದ ಹತ್ತಿರಕ್ಕೆ ಸರಿಯುತ್ತಾನೆ, ಬೇಸಿಗೆಯಲ್ಲಿ ದೂರ ಎಡಕ್ಕೆ ಹೋಗಿಬಿಡುತ್ತಾನೆ. ವರ್ಷಪೂರ್ತಿ ಒಂದೇ ಬೆಂಚಿನಲ್ಲಿ ಕೂರುವವರಿಗೆ ಪಂಚಾಂಗ ಬೇಡ.

ಸಂಜೆ ಇದೆಲ್ಲವನ್ನೂ ಹಿಂದುಮುಂದಾಗಿ ಓದಬೇಕು. ಮೊದಲು ಕಾಡು, ಹಿನ್ನೀರು. ಸೂರ್ಯ ಆಗ ಮರಗಳ ಹಿಂದಿನಿಂದ ಬರುವುದರಿಂದ ಬೆಳಿಗ್ಗೆ ಮಸಿಯಾಗಿದ್ದ ಬಣ್ಣದ ಕೊಕ್ಕರೆಗೆ ಈಗ ಬಣ್ಣ ಬಂದಿರುತ್ತದೆ. ಕೊನೆಗೆ ಏರಿ, ಸೂರ್ಯ ಮುಳುಗುವ ಹೊತ್ತಿಗೆ. ಏರಿಯ ಮೇಲೆ ಫೋನು ಎತ್ತಿಹಿಡಿದವರ ಸಾಲು ನಿಂತಿರುತ್ತದೆ. ಕೆಂಪನ್ನು ನೋಡುವವರು ನೋಡಲಿ. ನೋಡಬೇಕಾದ್ದು ಗಡ್ಡೆಯ ಕಡೆಗೆ ವಾಪಸು ಬರುತ್ತಿರುವ ಸಾಲುಗಳನ್ನು. ಬಣ್ಣ ಹೋದ ಮೇಲೆ ಹಕ್ಕಿಯನ್ನು ಗುರುತಿಸುವುದು ಕತ್ತಿನಿಂದ, ರೆಕ್ಕೆಯ ಬಡಿತದಿಂದ. ಕತ್ತು ಚಾಚಿ ಬೇಗ ಬೇಗ ಬಡಿಯುತ್ತಾ ನೀರಿಗೆ ಹತ್ತಿರವಾಗಿ ಬರುವುದು ನೀರುಕಾಗೆ. ಕತ್ತು ಚಾಚಿ, ಕಾಲನ್ನೂ ಚಾಚಿ, ನಿಧಾನಕ್ಕೆ ಬರುವುದು ಬಣ್ಣದ ಕೊಕ್ಕರೆ. ಕತ್ತನ್ನು ಹಿಂದಕ್ಕೆ ಮಡಚಿ ಎದೆಗೆ ಸೇರಿಸಿಕೊಂಡದ್ದು ಬೆಳ್ಳಕ್ಕಿ. ಅದೇ ರೀತಿ ಕತ್ತು ಮಡಚಿದ್ದರೂ ಮೂರು ಬಡಿತ, ಒಂದು ತೇಲು, ಮೂರು ಬಡಿತ, ಒಂದು ತೇಲು ಎಂದು ಸಾಲಿನವರೆಲ್ಲ ಮುಂದಿನವನ ತಾಳ ಹಿಡಿದು ಬಂದರೆ ಹೆಜ್ಜಾರ್ಲೆ. ಗಡ್ಡೆಯ ಮೇಲೆ ಜಾಗಕ್ಕಾಗಿ ನೂಕಾಟ, ಗೊಗ್ಗರು ದನಿಯ ಬೈಗುಳ, ಬೈದ ಮೇಲೆ ಇನ್ನೊಂದು ಕೊಂಬೆಗೆ ವರ್ಗ. ಎಲ್ಲರೂ ಒಳಕ್ಕೆ ಬರುತ್ತಿರುವಾಗ ಅದೇ ಮರಗಳಿಂದ ಹೊರಕ್ಕೆ ಹೊರಡುವವು ಇರುಳುಬಕಗಳು. ಹಗಲೆಲ್ಲ ಎಲೆಗಳ ನಡುವೆ ತೂಕಡಿಸಿದ್ದು, ಈಗ 'ಕ್ವಾಕ್' ಎಂದು ಹಾಜರಿ ಕೂಗಿ ರಾತ್ರಿಪಾಳಿಗೆ ಹೋಗುತ್ತವೆ. ಕಾವಲಿನವರ ಸೀಟಿ ಕೇಳಿಸುವುದೂ ಆಗಲೇ.

ಒಂದೇ ಸಲ ಬರಲು ಆಗುವವರು ಯಾವಾಗ ಬರಬೇಕೆಂದು ಕೇಳಿದರೆ ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಬೆಳಿಗ್ಗೆ, ಎನ್ನುತ್ತೇನೆ. ರಾತ್ರಿ ಉಳಿಯುವವರಾದರೆ ಹಿಂದಿನ ಸಂಜೆಯೇ ಒಮ್ಮೆ ಎಡಗೈ ಸುತ್ತು ಮುಗಿಸಿ, ಮರುದಿನ ಬಲಗೈ ಸುತ್ತು ಹಾಕಬಹುದು. ದುರ್ಬೀನು ಇದ್ದರೆ ಹಾವಕ್ಕಿಯ ಬೆಳ್ಳಿಗೆರೆ ಚೆನ್ನಾಗಿ ಕಾಣುತ್ತದೆ, ಇಲ್ಲದಿದ್ದರೂ ನಡೆದೀತು. ಕಡಲೆಕಾಯಿ ಪೊಟ್ಟಣ ಒಳಗೆ ತರಬೇಡಿ, ತಂದರೆ ಸಿಪ್ಪೆ ಜೇಬಿನಲ್ಲಿರಲಿ. ಏರಿಯ ಮೇಲೆ ಗಾಳಿ ಜೋರು, ಒಂದು ಸ್ವೆಟರು ಹಾಕಿಕೊಳ್ಳಿ.